ನೀರಿನ ಚೀಲವನ್ನು ತೊಳೆಯಬೇಕಾದವರು ಯಾರು?

(ಅಂತಿಮ ಬಿ.ಎ. ವಿದ್ಯಾರ್ಥಿಯೊಬ್ಬನ ಅಭಿಪ್ರಾಯ)

ದೊಡ್ಡ ದೊಡ್ಡ ವಿಷಯಗಳನ್ನು ಕುರಿತು ಬರೆಯುವವರಿಗೆ ನಮ್ಮ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಎಂದೂ ಕೊರತೆಯಾದದ್ದಿಲ್ಲ. ಪ್ರಜಾಪ್ರಭುತ್ವದ ಭವಿಷ್ಯ, ಸಾಹಿತ್ಯದ ಗುರಿ, ಯುವಜನರ ಹೊಣೆ ಮುಂತಾದವನ್ನು ಕುರಿತು ಬಲ್ಲವರು ಈ ಸಲವೂ ಬರೆದಿರುತ್ತಾರೆ. ನಾನೂ ಓದಿ ಸಂತೋಷಪಡುತ್ತೇನೆ. ನಾನು ಬರೆಯಹೊರಟಿರುವುದಾದರೋ ಎರಡು ಲೀಟರು ನೀರು ಹಿಡಿಸುವ ಒಂದು ಚೀಲವನ್ನು ಕುರಿತು. ಅದಕ್ಕೆ ಬೂಷ್ಟು ಹಿಡಿಯದಂತೆ ತೊಳೆದು ಇಡುವುದು ಹೇಗೆ, ತೊಳೆಯಬೇಕಾದವರು ಯಾರು ಎಂಬ ಎರಡೇ ಪ್ರಶ್ನೆಗಳು. "ಬಿ.ಎ. ಕೊನೆಯ ವರ್ಷಕ್ಕೆ ಬಂದವನಿಗೆ ಬೇರೆ ವಿಷಯ ಸಿಗಲಿಲ್ಲವೆ?" ಎಂದು ಯಾರಾದರೂ ನಕ್ಕರೆ ನನ್ನ ಅಭ್ಯಂತರವಿಲ್ಲ. ಮೂರು ವರ್ಷಗಳಲ್ಲಿ ಇಲ್ಲಿ ಕಲಿತ ಪಾಠಗಳಲ್ಲಿ ಇದೂ ಒಂದು. ಕಾಲೇಜನ್ನು ಬಿಡುವ ಮೊದಲು ಅದನ್ನು ಒಪ್ಪಿಸಿಹೋಗುವುದು ನ್ಯಾಯವೆಂದು ತೋರಿತು.

ಆ ಚೀಲವನ್ನು ಕಾಣದವರಿಗಾಗಿ ಎರಡು ಮಾತು ಹೇಳಬೇಕು. ಹೈಡ್ರೇಷನ್ ಪ್ಯಾಕ್ ಎಂದು ಅದರ ಹೆಸರು. ಬೆನ್ನಿಗೆ ಹಾಕಿಕೊಳ್ಳುವ ಬಟ್ಟೆಯ ಚೀಲದೊಳಗೆ ತೆಳುವಾದ ಪ್ಲಾಸ್ಟಿಕ್ಕಿನ ಇನ್ನೊಂದು ಚೀಲವಿರುತ್ತದೆ. ಅದರ ಬುಡದಿಂದ ಹೊರಟ ಕೊಳವೆಯೊಂದು ಹೆಗಲ ಮೇಲಿಂದ ಹಾದು ಬಾಯಿಯ ಹತ್ತಿರಕ್ಕೆ ಬರುತ್ತದೆ. ಕೊಳವೆಯ ತುದಿಗೆ, ಹಲ್ಲಿನಿಂದ ಕಚ್ಚಿದರೆ ತೆರೆದುಕೊಂಡು ಬಿಟ್ಟರೆ ಮುಚ್ಚಿಕೊಳ್ಳುವ ಒಂದು ಮೆತ್ತನೆಯ ಮೂತಿ. ಬೆಟ್ಟ ಹತ್ತುವವನು ನಿಲ್ಲದೆ, ಚೀಲ ಇಳಿಸದೆ ಗುಟುಕು ಗುಟುಕಾಗಿ ನೀರು ಕುಡಿಯಬಹುದು. ಅಮೆರಿಕದ ಟೆಕ್ಸಾಸ್ ಸಂಸ್ಥಾನದಲ್ಲಿ ಸುಡುಬಿಸಿಲಿನ ನೂರು ಮೈಲಿ ಸೈಕಲ್ ಸವಾರಿಗೆಂದು ಮೈಕೇಲ್ ಐಡ್ಸನ್ ಎಂಬವರು ಆಸ್ಪತ್ರೆಯ ಸಲೈನ್ ಚೀಲವನ್ನು ಕಾಲುಚೀಲದೊಳಗೆ ತೂರಿಸಿ ಬೆನ್ನಿಗೆ ಕಟ್ಟಿಕೊಂಡರು. 1989ರಲ್ಲಿ ಆರಂಭವಾದ ಕ್ಯಾಮೆಲ್‌ಬ್ಯಾಕ್ ಕಂಪನಿಗೆ ಆ ಉಪಾಯವೇ ಮೂಲವಾಯಿತು.

ಆದರೆ ನೀರನ್ನು ಚೀಲದಲ್ಲಿ ಹೊರುವುದು ನಮ್ಮ ದೇಶಕ್ಕೆ ಹೊಸದೇನೂ ಅಲ್ಲ. ಭಿಸ್ತಿಗಳು ತೊಗಲಿನ ಮಶಕದಲ್ಲಿ ನೀರು ಹೊತ್ತು ಸೈನ್ಯಗಳನ್ನೂ ಊರುಗಳನ್ನೂ ಬದುಕಿಸಿದರು. 1539ರಲ್ಲಿ ಚೌಸಾದಲ್ಲಿ ಶೇರ್ ಖಾನನಿಗೆ ಸೋತು ಗಂಗೆಯಲ್ಲಿ ಮುಳುಗುತ್ತಿದ್ದ ಹುಮಾಯೂನನನ್ನು ಭಿಸ್ತಿಯೊಬ್ಬನು ದಡ ಸೇರಿಸಿದನೆಂದೂ, ಬಾದಶಹನು ಕೃತಜ್ಞತೆಯಿಂದ ಅವನನ್ನು ಸ್ವಲ್ಪಕಾಲ ಸಿಂಹಾಸನದ ಮೇಲೆ ಕೂರಿಸಿದನೆಂದೂ ಇತಿಹಾಸದ ತರಗತಿಯಲ್ಲಿ ಕೇಳಿದ್ದೇವೆ. ಪರೀಕ್ಷೆಯಲ್ಲಿ ಆ ಕದನದ ಇಸವಿಯನ್ನು ನಾನು ಸರಿಯಾಗಿಯೇ ಬರೆದಿದ್ದೆ. ನೀರು ಹೊತ್ತವನಿಗೆ ಸಲ್ಲಬೇಕಾದ ಮರ್ಯಾದೆ ಎಂಥದೆಂಬುದು ಮಾತ್ರ ಆಗ ನನ್ನ ತಲೆಗೆ ಹೋಗಿರಲಿಲ್ಲ.

ಈಗ ನನ್ನ ಕಥೆಗೆ ಬರುತ್ತೇನೆ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬರು ನಮ್ಮ ರಾಷ್ಟ್ರೀಯ ಸೇವಾ ಯೋಜನೆಯ ಘಟಕಕ್ಕೆ ಇಂಥ ಆರು ಚೀಲಗಳನ್ನು ಕೊಡುಗೆಯಾಗಿ ಕೊಟ್ಟಿದ್ದರು. ಕಳೆದ ಮೇ ತಿಂಗಳಲ್ಲಿ, ಮಳೆಗಾಲ ಹಿಡಿಯುವ ಮೊದಲು, ಘಟಕದವರೆಲ್ಲ ಮುಳ್ಳಯ್ಯನಗಿರಿಗೆ ಹೋದೆವು. ನಮ್ಮ ರಾಜ್ಯದಲ್ಲೆಲ್ಲ ಎತ್ತರವಾದ, ಸುಮಾರು 1,930 ಮೀಟರಿನ ಶಿಖರ. ಸರ್ಪದಾರಿಯ ಏರಿನಲ್ಲಿ ನಾಲ್ಕನೆಯ ನಂಬರಿನ ಚೀಲ ನನ್ನ ಬೆನ್ನ ಮೇಲಿತ್ತು. ಬರಿಯ ನೀರು ತುಂಬಿಕೊಳ್ಳಿರೆಂದು ಯೋಜನಾಧಿಕಾರಿಗಳು ಹೇಳಿದ್ದರೂ ನಾನು ನಿಂಬೆಯ ಪಾನಕ ತುಂಬಿಸಿದ್ದೆ, ಸಕ್ಕರೆ ಧಾರಾಳವಾಗಿತ್ತು. ಬೆಟ್ಟದ ಗಾಳಿ, ಆ ಪಾನಕದ ರುಚಿ, ಎರಡನ್ನೂ ನಾನು ಮರೆತಿಲ್ಲ.

ಸಂಜೆ ಹಿಂದಿರುಗಿದಾಗ ನಮ್ಮೂರಿನ ಕೊನೆಯ ಬಸ್ಸಿಗೆ ಕಾಲು ಗಂಟೆ ಉಳಿದಿತ್ತು. ಉಳಿದ ಪಾನಕವನ್ನು ಮೋರಿಗೆ ಸುರಿದು, ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ, ಚೀಲವನ್ನು ಮಡಿಸಿ, ಹಿಂಬದಿಯ ಕೋಣೆಯ ಕಪಾಟಿನಲ್ಲಿ ತುರುಕಿ ಓಡಿದೆ. ನಾಳೆ ಬಂದು ತೊಳೆದರಾಯಿತು ಎಂದುಕೊಂಡೆ. ಆ ನಾಳೆ ಬರಲಿಲ್ಲ. ಪರೀಕ್ಷೆ ಬಂತು, ರಜೆ ಬಂತು, ಮುಂಗಾರು ಬಂತು. ನಮ್ಮ ಕಾಲೇಜಿನ ಹಿಂಬದಿಯ ಗೋಡೆಗಳು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೇಗೆ ಬೆವರುತ್ತವೆಂಬುದನ್ನು ನಾನು ವರ್ಣಿಸಬೇಕಾಗಿಲ್ಲ.

ಅಕ್ಟೋಬರಿನಲ್ಲಿ ಇನ್ನೊಂದು ಚಾರಣ. ನಾನು ಹೋಗಿರಲಿಲ್ಲ. ಮೊದಲನೆಯ ವರ್ಷದ ಹುಡುಗನೊಬ್ಬನಿಗೆ ನಾಲ್ಕನೆಯ ಚೀಲ ಸಿಕ್ಕಿತು. ನಸುಕಿನ ನಾಲ್ಕೂವರೆಗೆ ಕತ್ತಲಲ್ಲಿ ನೀರು ತುಂಬಿಕೊಂಡು ಹೊರಟವನು ಮೊದಲ ಗುಟುಕು ಎಳೆದಾಗ ಬಾಯಿಗೆ ಬಂದದ್ದು ಲೋಳೆ, ಮುಗ್ಗಲು ವಾಸನೆ, ಮತ್ತು ಕರಿಯ ಚೂರುಗಳು. ದೇವರ ದಯದಿಂದ ಅವನಿಗೆ ಕಾಯಿಲೆಯೇನೂ ಆಗಲಿಲ್ಲ. ಆದರೆ ಇಡೀ ದಿನ ಬೇರೆಯವರ ಬಾಟಲಿಗೆ ಕೈಚಾಚುತ್ತ, ಅರೆ ಬಾಯಾರಿಕೆಯಲ್ಲೇ ನಡೆದನಂತೆ. ಮರುದಿನ ಕಪಾಟನ್ನು ತೆರೆದು ನೋಡಿದರೆ ಆರರಲ್ಲಿ ಐದು ಚೀಲಗಳದು ಹೆಚ್ಚುಕಡಮೆ ಅದೇ ಪಾಡು. ನಾನೊಬ್ಬನೇ ಅಪರಾಧಿಯಲ್ಲವೆಂಬುದು ನನಗೆ ಸಮಾಧಾನ ತರಬೇಕಾಗಿತ್ತು, ತರಲಿಲ್ಲ.

ಏಕೆಂದರೆ ಆ ಹೊತ್ತಿಗೆ ಯಾರೋ ಒಬ್ಬರು, "ಇದನ್ನೆಲ್ಲ ನೋಡಿಕೊಳ್ಳಬೇಕಾದವರು ಯಾರು? ಗುಡಿಸುವ ಅಮ್ಮ ಏನು ಮಾಡುತ್ತಿದ್ದರು?" ಎಂದುಬಿಟ್ಟರು. ಆ ಅಮ್ಮ ಪೊರಕೆ ಹಿಡಿದು ವರಾಂಡದಲ್ಲೇ ಇದ್ದರು. "ಕಪಾಟಿನ ಬೀಗದ ಕೈ ನನ್ನ ಹತ್ರ ಇಲ್ಲ ಸಾರ್" ಎಂದರು. ಅವರ ಮಾತನ್ನು ಯಾರೂ ಕೇಳಿಸಿಕೊಂಡಂತೆ ಕಾಣಲಿಲ್ಲ. "ಇನ್ನು ಮೇಲಾದರೂ ನೋಡಿಕೊಳ್ಳಿ" ಎಂಬ ಮಾತು ಅವರಿಗೆ ಬಿತ್ತು. ನಾಲ್ಕನೆಯ ನಂಬರಿನ ಮುಂದೆ ನನ್ನ ಹೆಸರು, ನನ್ನ ಸಹಿ ಇದ್ದ ಪುಸ್ತಕ ಮೇಜಿನ ಮೇಲೇ ಇತ್ತು. ಅದನ್ನು ಯಾರೂ ತೆರೆಯಲಿಲ್ಲ. ನಾನು ಬಾಗಿಲ ಹತ್ತಿರ ನಿಂತಿದ್ದೆ. ನಾನೂ ಮಾತಾಡಲಿಲ್ಲ.

ನನ್ನ ತಾಯಿಯ ವಿಷಯವನ್ನು ಇಲ್ಲಿ ಹೇಳದೆ ವಿಧಿಯಿಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ನಮ್ಮವ್ವ ತಾಲ್ಲೂಕು ಕೇಂದ್ರದ ಹೋಟೆಲೊಂದರಲ್ಲಿ ಪಾತ್ರೆ ತೊಳೆಯುತ್ತಾಳೆ. ಮಳೆಗಾಲದಲ್ಲಿ ಅವಳ ಬೆರಳ ಸಂದುಗಳು ಬಿಳಿಚಿಕೊಂಡು ಬಿರಿಯುತ್ತವೆ. ರಾತ್ರಿ ಕೊಬ್ಬರಿಯೆಣ್ಣೆ ಸವರಿಕೊಂಡು ಮಲಗುತ್ತಾಳೆ. ಇಷ್ಟಾದರೂ ಮನೆಯಲ್ಲಿ ನಾನು ಉಂಡ ತಟ್ಟೆಯನ್ನು ನಾನು ಎತ್ತಲು ಹೋದರೆ, "ಬಿಡಪ್ಪ, ನೀನು ಓದ್ಕೊ ಹೋಗು" ಎನ್ನುವವಳು ಅವಳೇ. ಇಪ್ಪತ್ತು ವರ್ಷ ನಾನು ಅದನ್ನು ಪ್ರೀತಿಯೆಂದು ಮಾತ್ರ ತಿಳಿದಿದ್ದೆ. ಪ್ರೀತಿಯೇ ಹೌದು. ಆದರೆ ಓದುವವನ ಕೈ ತೊಳೆಯುವುದಕ್ಕಲ್ಲ ಎಂಬ ಭಾವನೆಯೊಂದು ಅದರ ಜೊತೆಯಲ್ಲೇ ನನ್ನೊಳಗೆ ಬೆಳೆದಿತ್ತೆಂಬುದು ಆ ವರಾಂಡದಲ್ಲಿ ನಿಂತಾಗ ಹೊಳೆಯಿತು. ಪಾತ್ರೆ ತೊಳೆದು ನನ್ನನ್ನು ಓದಿಸುತ್ತಿರುವವಳ ಮಗನು, ತಾನು ತೊಳೆಯದೆ ಬಿಟ್ಟ ಚೀಲಕ್ಕಾಗಿ ಅವಳಂಥ ಇನ್ನೊಬ್ಬ ತಾಯಿ ಬೈಸಿಕೊಳ್ಳುವುದನ್ನು ನೋಡುತ್ತ ಸುಮ್ಮನೆ ನಿಂತಿದ್ದನು.

ಶನಿವಾರ ಊರಿಗೆ ಹೋದಾಗ ಅವ್ವನಿಗೆ ಎಲ್ಲವನ್ನೂ ಹೇಳಿದೆ. ಅವಳು ಚೀಲದ ವಿಷಯ ಏನೂ ಕೇಳಲಿಲ್ಲ. "ಆ ಅಮ್ಮನ್ನ ಕಂಡು ಹೇಳಿದ್ಯಾ?" ಎಂದು ಮಾತ್ರ ಕೇಳಿದಳು. ಸೋಮವಾರ ಬೆಳಗ್ಗೆ ಮೊದಲು ಆ ಅಮ್ಮನ ಹತ್ತಿರ ಹೋದೆ. ಗುಡಿಸುವುದನ್ನು ನಿಲ್ಲಿಸಿ ಕೇಳಿಸಿಕೊಂಡರು. "ಆವತ್ತೇ ಹೇಳ್ಬೌದಿತ್ತಲ್ಲಪ್ಪ" ಎಂದರು, ಮತ್ತೆ ಗುಡಿಸತೊಡಗಿದರು. ಅಲ್ಲಿಂದ ಯೋಜನಾಧಿಕಾರಿಗಳ ಬಳಿಗೆ ಹೋಗಿ ಒಪ್ಪಿಕೊಂಡೆ. ಅವರು ಕೋಪಿಸಿಕೊಳ್ಳಲಿಲ್ಲ. ಕಪಾಟಿನ ಬೀಗದ ಕೈಯನ್ನು ನನ್ನ ಮುಂದಿಟ್ಟು, ಎಷ್ಟು ಚೀಲಗಳನ್ನು ಉಳಿಸಬಹುದೋ ನೋಡು ಎಂದರು. ಆ ಮೇಲೆ ತಾವೇ ಎದ್ದು ಹೋಗಿ ಆ ಅಮ್ಮನೊಡನೆ ಮಾತಾಡಿ ಬಂದರು.

ಹೀಗೆ ನನ್ನ ಸಂಶೋಧನೆ ಆರಂಭವಾಯಿತು. ಪುಸ್ತಕ ನೋಡಿ, ಸಸ್ಯಶಾಸ್ತ್ರ ಬಲ್ಲ ಹಿರಿಯರೊಬ್ಬರನ್ನು ಕೇಳಿ ತಿಳಿದದ್ದಿಷ್ಟು. ಬೂಷ್ಟು ಒಂದು ಶಿಲೀಂಧ್ರ. ಅದರ ಬೀಜಕಣಗಳು ಗಾಳಿಯಲ್ಲಿ ಎಲ್ಲೆಲ್ಲಿಯೂ ಇವೆ; ಅವು ಬಾರದಂತೆ ಬಾಗಿಲು ಹಾಕಿಕೊಳ್ಳಲು ಯಾರಿಂದಲೂ ಆಗದು. ಅವು ಮೊಳೆಯಬೇಕಾದರೆ ತೇವ ಬೇಕು, ಒಂದಿಷ್ಟು ಆಹಾರ ಬೇಕು, ಹದವಾದ ಶಾಖ ಬೇಕು, ಕಾಲ ಬೇಕು. ನನ್ನ ಚೀಲದಲ್ಲಿ ಈ ನಾಲ್ಕೂ ಇದ್ದವು: ತೇವ ಹಾಗೆಯೇ ಉಳಿದಿತ್ತು, ಸಕ್ಕರೆ ಆಹಾರವಾಯಿತು, ಮುಚ್ಚಿದ ಕಪಾಟು ಶಾಖ ಕೊಟ್ಟಿತು, ಐದು ತಿಂಗಳ ಕಾಲವನ್ನು ನಾನೇ ಕೊಟ್ಟೆ. ಇದಲ್ಲದೆ ಬ್ಯಾಕ್ಟೀರಿಯಾಗಳು ಒದ್ದೆಯಾದ ಪ್ಲಾಸ್ಟಿಕ್ಕಿನ ಮೈಗೆ ಅಂಟಿಕೊಂಡು ತಮ್ಮ ಸುತ್ತ ಲೋಳೆಯ ಪದರವೊಂದನ್ನು ಕಟ್ಟಿಕೊಳ್ಳುತ್ತವೆ. ನೀರು ಕುಲುಕಿ ಚೆಲ್ಲಿದಮಾತ್ರಕ್ಕೆ ಆ ಪದರ ಹೋಗುವುದಿಲ್ಲ, ಉಜ್ಜಲೇಬೇಕು. "ಬೂಷ್ಟಿನಿಂದಲೇ ತಾನೆ ಫ್ಲೆಮಿಂಗ್ 1928ರಲ್ಲಿ ಪೆನಿಸಿಲಿನ್ ಕಂಡುಹಿಡಿದದ್ದು? ನೀನೂ ಒಂದು ಕಂಡುಹಿಡಿ" ಎಂದು ಗೆಳೆಯನೊಬ್ಬ ಹಾಸ್ಯಮಾಡಿದ. ಎಲ್ಲ ಬೂಷ್ಟೂ ಔಷಧಿಯಾಗುವುದಿಲ್ಲ. ಗೂರಲು, ಅಲರ್ಜಿ ಇರುವವರಿಗಂತೂ ಅದು ತೊಂದರೆಯನ್ನೇ ಕೊಡಬಲ್ಲದು.

ಇನ್ನು ತೊಳೆಯುವ ಕ್ರಮ. ಚೀಲ, ಕೊಳವೆ, ಮೂತಿ, ಮುಚ್ಚಳ ಇವನ್ನು ಮೊದಲು ಬೇರೆಬೇರೆ ಮಾಡಬೇಕು. ಉಗುರುಬೆಚ್ಚನೆಯ ನೀರಿಗೆ ಪಾತ್ರೆ ತೊಳೆಯುವ ಸೋಪಿನ ನಾಲ್ಕು ಹನಿ ಹಾಕಿ, ಮೆತ್ತನೆಯ ಬ್ರಷ್ಷಿನಿಂದ ಚೀಲದ ಮೂಲೆಮೂಲೆಯನ್ನೂ ಉಜ್ಜಬೇಕು. ಕುದಿಯುವ ನೀರು ಸಲ್ಲದು. ಪ್ಲಾಸ್ಟಿಕ್ಕೂ ಅದರ ಬೆಸುಗೆಯೂ ಕೆಡಬಹುದು. ಕೊಳವೆಯೊಳಗೆ ಕೈಹೋಗದು, ಬ್ರಷ್ಷೂ ಹೋಗದು. ಉದ್ದನೆಯ ನೈಲಾನ್ ದಾರವನ್ನು ಕೊಳವೆಯಲ್ಲಿ ತೂರಿಸಿ, ತುದಿಗೆ ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯ ಚೂರನ್ನು ಗಂಟುಹಾಕಿ, ಈ ತುದಿಯಿಂದ ಆ ತುದಿಗೆ ಎಳೆಯಬೇಕು. ಮೊದಲನೆಯ ಸಲ ಎಳೆದಾಗ ಬಟ್ಟೆಯ ಮೇಲೆ ಬಂದದ್ದನ್ನು ನೋಡಿದ ಮೇಲೆ, ಆ ಕಿರಿಯ ಗೆಳೆಯನನ್ನು ಹುಡುಕಿಕೊಂಡು ಹೋಗಿ ಕ್ಷಮೆ ಕೇಳಿದೆ. ಮೂತಿಯನ್ನು ಬೆರಳಿನಿಂದ ಹಿಸುಕಿ ಹಿಸುಕಿ ಅದರ ಸೀಳಿನಲ್ಲಿಯೂ ನೀರು ಹಾಯಿಸಬೇಕು.

ವಾಸನೆ ಉಳಿದರೆ ಲೀಟರು ನೀರಿಗೆ ಎರಡು ದೊಡ್ಡ ಚಮಚ ಅಡುಗೆ ಸೋಡಾ ಕದಡಿ, ಕೊಳವೆಯಲ್ಲಿಯೂ ತುಂಬುವಂತೆ ಮಾಡಿ, ಒಂದು ರಾತ್ರಿ ಬಿಟ್ಟು ಬೆಳಗ್ಗೆ ತೊಳೆದರೆ ಸಾಕು. ಬೂಷ್ಟು ಬಲವಾಗಿ ಹಿಡಿದಿದ್ದರೆ, ಸುವಾಸನೆ ಬೆರೆಸದ ಬ್ಲೀಚನ್ನು ಅದರ ಬಾಟಲಿಯ ಮೇಲೆ ಹೇಳಿರುವ ಪ್ರಮಾಣಕ್ಕೆ ಮೀರದಂತೆ ನೀರಿನಲ್ಲಿ ಬೆರೆಸಿ ಬಳಸಿ, ವಾಸನೆ ಪೂರ್ತಿ ಹೋಗುವವರೆಗೆ ಮತ್ತೆ ಮತ್ತೆ ಜಾಲಿಸಬೇಕು. ಬ್ಲೀಚಿನ ಜೊತೆಗೆ ನಿಂಬೆರಸವನ್ನಾಗಲಿ ವಿನಿಗರನ್ನಾಗಲಿ ಎಂದಿಗೂ ಸೇರಿಸಕೂಡದು. ಹಾಗೆ ಸೇರಿದರೆ ಹೊರಡುವುದು ಕ್ಲೋರಿನ್ ಅನಿಲ. 1915ರಲ್ಲಿ ಈಪ್ರ ಕದನಭೂಮಿಯಲ್ಲಿ ಸೈನಿಕರ ಮೇಲೆ ಬಿಟ್ಟದ್ದು ಅದೇ ಅನಿಲ. ಇಷ್ಟೆಲ್ಲ ಮಾಡಿದ ಮೇಲೆಯೂ ಕೊಳವೆಯ ಒಳಮೈ ಕಪ್ಪಾಗಿಯೇ ಉಳಿದರೆ ಅದನ್ನು ಎಸೆದು ಹೊಸದನ್ನು ಹಾಕಿಸುವುದು ಒಳ್ಳೆಯದು. ನಮ್ಮ ಐದು ಚೀಲಗಳಲ್ಲಿ ಮೂರು ಉಳಿದವು, ಎರಡನ್ನು ಎಸೆಯಬೇಕಾಯಿತು. ನಾಲ್ಕನೆಯ ನಂಬರಿನದು ಎಸೆದ ಎರಡರಲ್ಲಿ ಒಂದು.

ಆದರೆ ಮಿತ್ರರೇ, ತೊಳೆಯುವುದು ಅರ್ಧ ಕೆಲಸ ಮಾತ್ರ. ಒಣಗಿಸುವುದರಲ್ಲೇ ಇದರ ಮರ್ಮವಿದೆ. ತೊಳೆದು ಒದ್ದೆಯಾಗಿಯೇ ಮುಚ್ಚಿಟ್ಟ ಚೀಲವು ತೊಳೆಯದ ಚೀಲಕ್ಕಿಂತ ಸ್ವಲ್ಪ ನಿಧಾನವಾಗಿ ಬೂಷ್ಟು ಹಿಡಿಯುತ್ತದೆ, ಅಷ್ಟೆ. ತೆಳುವಾದ ಪ್ಲಾಸ್ಟಿಕ್ಕಿನ ಎರಡು ಮೈಗಳು ಒಂದಕ್ಕೊಂದು ಅಂಟಿಕೊಂಡು ನಡುವೆ ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ, ಅವು ಅಂಟದಂತೆ ಒಳಗೆ ಏನನ್ನಾದರೂ ನಿಲ್ಲಿಸಬೇಕು. ನಾನು ಅವ್ವನ ಹತ್ತಿರ ಬೇಡಿ ತಂದ ಹಳೆಯ ಪುಟ್ಟ ಕಡೆಗೋಲು ಈ ಕೆಲಸಕ್ಕೆ ಹೇಳಿಮಾಡಿಸಿದಂತಿದೆ. ಬಾಯಿ ಕೆಳಗಾಗಿ, ಗಾಳಿಯಾಡುವ ನೆರಳಿನಲ್ಲಿ ತೂಗುಹಾಕಬೇಕು. ದಿನಗಟ್ಟಲೆ ಬಿಸಿಲಿಗೆ ಬಿಟ್ಟರೆ ಪ್ಲಾಸ್ಟಿಕ್ಕು ಬೇಗ ಹಳತಾಗುತ್ತದೆ. ಕೊಳವೆಯನ್ನು ಒಂದು ತುದಿ ಹಿಡಿದು ಬೀಸಿ, ಒಳಗಿನ ಹನಿಗಳನ್ನು ಹಾರಿಸಿ, ನೇರವಾಗಿ ಇಳಿಬಿಡಬೇಕು. ಮಳೆಗಾಲದಲ್ಲಿ ಎರಡು ಮೂರು ದಿನಗಳಾದರೂ ಬೇಕಾದೀತು. ಪೂರ್ತಿ ಒಣಗಿದ ಮೇಲೆ ಮುಚ್ಚಳ ತೆರೆದೇ, ಕೊಳವೆ ಬೇರೆಯಾಗಿಯೇ, ಹತ್ತಿಯ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿಡಬೇಕು. ಮನೆಯಲ್ಲಿ ಫ್ರಿಜ್ ಇರುವವರು ತೊಳೆದ ಚೀಲವನ್ನು ಅದರ ಫ್ರೀಜರಿನಲ್ಲಿ ಇಡುವುದುಂಟು. ಅಲ್ಲಿ ಬೂಷ್ಟು ಬೆಳೆಯದು. ಆದರೆ ಸಾಯುವುದೂ ಇಲ್ಲ, ಹೊರಗೆ ತೆಗೆದ ಮೇಲೆ ಮತ್ತೆ ಎಚ್ಚರವಾಗುತ್ತದೆ. ಎಲ್ಲಕ್ಕೂ ಮೊದಲ ಎಚ್ಚರಿಕೆಯೆಂದರೆ, ಚೀಲದಲ್ಲಿ ಬರಿಯ ನೀರನ್ನೇ ತುಂಬುವುದು.

ಇದರಲ್ಲಿ ಹೊಸದೇನಿದೆ? ನಮ್ಮ ಮನೆಗಳ ತಾಯಂದಿರೆಲ್ಲ ಇದನ್ನು ಬಲ್ಲರು. ಅವ್ವ ಹುಣಿಸೆಹಣ್ಣು ಹಚ್ಚಿ ತಾಮ್ರದ ಬಿಂದಿಗೆಯನ್ನು ಬೆಳಗಿದ ಮೇಲೆ ಅದನ್ನು ಕಲ್ಲಿನ ಮೇಲೆ ಬೋರಲು ಹಾಕುತ್ತಾಳೆ. ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟ ನೀರಿನಲ್ಲಿ ಭೇದಿ ತರುವ ಬ್ಯಾಕ್ಟೀರಿಯಾಗಳು ಸಾಯುತ್ತವೆಂದು ಬೆಂಗಳೂರಿನ ಸಂಶೋಧಕರು 2012ರಲ್ಲಿ ಪ್ರಕಟಿಸಿದರು. ತಾಮ್ರಕ್ಕೆ ಆ ಗುಣವುಂಟು, ಪ್ಲಾಸ್ಟಿಕ್ಕಿಗೆ ಇಲ್ಲ. ತಾನೇ ಕಾಪಾಡಬಲ್ಲ ಬಿಂದಿಗೆಯನ್ನೇ ದಿನವೂ ಬೆಳಗಿ ಬೋರಲು ಹಾಕುವ ಮನೆಯಿಂದ ಬಂದ ನಾವು, ಏನನ್ನೂ ಕಾಪಾಡಲಾರದ ಪ್ಲಾಸ್ಟಿಕ್ ಚೀಲವನ್ನು ಒದ್ದೆಯಾಗಿ ಮಡಿಸಿಟ್ಟೆವು. ಮನೆಯ ಹಿತ್ತಿಲಲ್ಲಿ ದಿನವೂ ಕಾಣುವುದನ್ನು ನಾವು ವಿದ್ಯೆಯೆಂದು ಎಣಿಸಲಿಲ್ಲ.

ಈಗ ನನ್ನ ಅಭಿಪ್ರಾಯವನ್ನು ನೇರವಾಗಿಯೇ ಹೇಳುತ್ತೇನೆ: ಕುಡಿದವನೇ ತೊಳೆಯಬೇಕು. ಇದಕ್ಕೆ ಬರುವ ಆಕ್ಷೇಪಣೆಗಳನ್ನು ನಾನು ಕೇಳಿದ್ದೇನೆ. "ಅದಕ್ಕೆಂದೇ ಸಂಬಳದ ಜನರಿದ್ದಾರಲ್ಲ?" ಎನ್ನುವುದು ಮೊದಲನೆಯದು. ಕಾಲೇಜಿನ ಕೋಣೆಗಳನ್ನು ಗುಡಿಸುವುದು ಅವರ ಕೆಲಸ. ನನ್ನ ಎಂಜಲನ್ನು ಬಳಿಯುವುದು ಅವರ ಕೆಲಸವೆಂದು ಯಾವ ಆಜ್ಞೆಯಲ್ಲಿಯೂ ಬರೆದಿಲ್ಲ. ಆ ಮೂತಿ ನನ್ನ ಹಲ್ಲಿನ ನಡುವೆ ಇದ್ದದ್ದೆಂಬುದನ್ನು ನೆನೆದರೆ ವಾದ ಅಲ್ಲಿಗೇ ಮುಗಿಯುತ್ತದೆ. ಇನ್ನೂ ಒಂದು ಮಾತನ್ನು ಪುರುಷ ಮಿತ್ರರು ಮನ್ನಿಸಬೇಕು. ಚಾರಣದಿಂದ ಬಂದಮೇಲೆ ಚಹಾದ ಲೋಟಗಳನ್ನು ತೊಳೆಯಲು ನಿಂತವರು ಪ್ರತಿಸಲವೂ ನಮ್ಮ ಸಹಪಾಠಿ ಸೋದರಿಯರೇ. ನಮ್ಮೊಡನೆ ಅದೇ ಬೆಟ್ಟವನ್ನು ಅವರೂ ಹತ್ತಿಳಿದಿದ್ದರು, ಕಾಲು ಅವರಿಗೂ ನೋಯುತ್ತಿತ್ತು. ಅದನ್ನು ನಾವು ಕಂಡೂ ಕಾಣದಂತಿದ್ದೆವು.

"ಇಷ್ಟು ಕಷ್ಟವೇಕೆ, ಅಂಗಡಿಯ ನೀರಿನ ಬಾಟಲಿ ಕೊಂಡು ಕುಡಿದು ಎಸೆದರಾಯಿತು" ಎನ್ನುವುದು ಎರಡನೆಯದು. ಎಸೆದ ಬಾಟಲಿ ಬೆಟ್ಟದ ಮೇಲೆಯೇ ಉಳಿಯುತ್ತದೆ. ಸರ್ಪದಾರಿಯ ಪಕ್ಕದ ಹುಲ್ಲಿನಲ್ಲಿ ಅವನ್ನು ಆರಿಸಿದ ಕೈಗಳಲ್ಲಿ ನನ್ನದೂ ಒಂದು. "ಇದು ತೀರ ಸಣ್ಣ ವಿಷಯ" ಎನ್ನುವುದು ಮೂರನೆಯದು. ಸಣ್ಣದೇ, ಒಪ್ಪುತ್ತೇನೆ. ಕಾಲು ಗಂಟೆಯ ಕೆಲಸ. ಆದರೆ ಆ ಕಾಲು ಗಂಟೆಯನ್ನು ನಾನು ಉಳಿಸಿಕೊಂಡದ್ದರಿಂದ ಒಬ್ಬ ಹುಡುಗ ದಿನವಿಡೀ ಬಾಯಾರಿ ನಡೆದನು, ತಪ್ಪು ಮಾಡದ ಒಬ್ಬ ತಾಯಿ ಹತ್ತು ಜನರ ಮುಂದೆ ತಲೆ ತಗ್ಗಿಸಬೇಕಾಯಿತು. ಎಲ್ಲರದೂ ಆದ ವಸ್ತುವನ್ನು ಯಾರದೂ ಅಲ್ಲವೆಂದು ಬಿಡುವುದು, ಬಿಟ್ಟದ್ದರ ಭಾರ ಕೊನೆಗೆ ಕೆಳಗಿನ ಮೆಟ್ಟಿಲಲ್ಲಿ ನಿಂತವರ ಮೇಲೆ ಬೀಳುವುದು, ಇದು ಚೀಲಕ್ಕೆ ಮಾತ್ರ ಸೇರಿದ ಮಾತಲ್ಲ. ನಾಳೆ ನಮ್ಮಲ್ಲಿ ಕೆಲವರು ಗುಮಾಸ್ತರಾಗುತ್ತೇವೆ, ಕೆಲವರು ಉಪಾಧ್ಯಾಯರಾಗುತ್ತೇವೆ, ಅದೃಷ್ಟವಿದ್ದರೆ ಅಧಿಕಾರಿಗಳೂ ಆದೇವು. ಆಗಲೂ ಕಡತದಲ್ಲಿ ನಮ್ಮ ಸಹಿ ಇದ್ದು, ಬೈಗಳು ಮಾತ್ರ ಬಾಗಿಲಲ್ಲಿ ನಿಂತ ಜವಾನನಿಗೆ ಹೋಗುವ ಪ್ರಸಂಗ ಬರಬಹುದು.

ಆದುದರಿಂದ ಮೂರು ಸಲಹೆಗಳನ್ನು ವಿನಯಪೂರ್ವಕವಾಗಿ ಮುಂದಿಡುತ್ತೇನೆ. ಒಂದು, ಚೀಲ ಒಯ್ದವನು ಅದನ್ನು ತೊಳೆದು ಒಣಗಿಸಿ ತೋರಿಸಿದ ಮೇಲೆಯೇ ಪುಸ್ತಕದಲ್ಲಿ ಅವನ ಹೆಸರನ್ನು ಹೊಡೆದುಹಾಕಬೇಕು. ಎರಡು, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಕಪಾಟನ್ನು ತೆರೆದು ಗಾಳಿಯಾಡಿಸಬೇಕು. ಆ ಕೆಲಸ ಸರದಿಯ ಮೇಲೆ ವಿದ್ಯಾರ್ಥಿಗಳದೇ ಆಗಬೇಕು. ಮೂರು, ಏನಾದರೂ ಕೆಟ್ಟಾಗ ಯಾರನ್ನಾದರೂ ಬೈಯುವ ಮೊದಲು ಪುಸ್ತಕವನ್ನು ತೆರೆದು ನೋಡಬೇಕು. ನಮ್ಮ ಯೋಜನಾಧಿಕಾರಿಗಳು ಮೊದಲ ಎರಡನ್ನು ಆಗಲೇ ಒಪ್ಪಿ ಜಾರಿಗೆ ತಂದಿದ್ದಾರೆ. ಮೂರನೆಯದು ನಮ್ಮೆಲ್ಲರ ಕೈಯಲ್ಲಿದೆ.

ಹಿಂಬದಿಯ ವರಾಂಡದಲ್ಲಿ ಈಗ ಒಂದು ಹಗ್ಗ ಕಟ್ಟಿದ್ದೇವೆ. ಜನವರಿಯ ಚಾರಣ ಮುಗಿದ ಮರುದಿನ ನಾಲ್ಕು ಚೀಲಗಳು ಅದರ ಮೇಲೆ ಬೋರಲಾಗಿ ತೂಗುತ್ತಿದ್ದವು. ಆ ಅಮ್ಮ ಗುಡಿಸುತ್ತ ಬಂದವರು ಒಂದು ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿ, "ಇನ್ನೂ ಹನಿ ಐತೆ, ಈಗ್ಲೇ ತೆಗೀಬ್ಯಾಡಪ್ಪ" ಎಂದರು. ಆಗಲಿ ಅಮ್ಮ ಎಂದೆ. ಮತ್ತೆರಡು ದಿನ ಬಿಟ್ಟು ತೆಗೆದಿಟ್ಟೆ. ಪರೀಕ್ಷೆ ಮುಗಿಸಿ ನಾನು ಊರಿಗೆ ಹೊರಡುತ್ತೇನೆ. ಕಡೆಗೋಲನ್ನು ಕಪಾಟಿನಲ್ಲೇ ಬಿಟ್ಟುಹೋಗುತ್ತೇನೆ. ಅವ್ವನ ಅಪ್ಪಣೆ ಸಿಕ್ಕಿದೆ. ಕಿರಿಯ ಮಿತ್ರರು ಅದನ್ನು ಬಳಸಿಕೊಳ್ಳಬೇಕೆಂದು ಪ್ರಾರ್ಥಿಸಿ ಈ ಲೇಖನವನ್ನು ಮುಗಿಸುತ್ತೇನೆ.